ಬೇಲಿಯ ಆಚೆ ಎರಡು ಭಾಷೆ, ಈಚೆ ಎರಡು

ಮಧ್ಯಾಹ್ನವಾದರೆ ಪಕ್ಕದ ಮನೆಯ ಹಿತ್ತಿಲಿನಿಂದ ಎರಡು ಕೂಗು ಕೇಳುತ್ತಿದ್ದವು. ಮೊದಲು ಅಜ್ಜಿಯದು: "ರುಚಾಕ್!" ಆಮೇಲೆ ಅಜ್ಜನದು: "ಬನೊವಾ!" ಸಿಡ್ನಿಯ ಲಿವರ್‌ಪೂಲ್‌ನಲ್ಲಿ ನಾವು ಮನೆ ಕೊಂಡ ಹೊಸದು. ಗಂಡ ಹೆಂಡತಿ ದಿನಾ ಇದೇ ಹೊತ್ತಿಗೆ ಜಗಳವಾಡುತ್ತಾರಲ್ಲ ಎಂದುಕೊಳ್ಳುತ್ತಿದ್ದೆ. ಅಜ್ಜಿಯ ಮಾತು ಕ್ರೊಯೇಷಿಯನ್, ಅಜ್ಜನದು ಬಾಸ್ಕ್, ಅವರು ಕೂಗುತ್ತಿದ್ದದ್ದು 'ಊಟ' ಮತ್ತು 'ಬಂದೆ' ಎಂಬ ಎರಡು ಮಾತುಗಳನ್ನು ಮಾತ್ರ ಎಂದು ತಿಳಿಯಲು ಒಂದು ಬೇಸಿಗೆ ಕಳೆಯಬೇಕಾಯಿತು.

ಪರಿಚಯವಾದದ್ದು ಮೆಣಸಿನಕಾಯಿಯಿಂದ. ಅಜ್ಜ ಕೆಂಪು ಮೆಣಸಿನಕಾಯಿಯನ್ನು ದಾರಕ್ಕೆ ಪೋಣಿಸಿ ಗೋಡೆಯ ಮೇಲೆ ಸಾಲಾಗಿ ಒಣಹಾಕಿದ್ದರು. ಬ್ಯಾಡಗಿಯ ಬಣ್ಣವೇ. ನಾನು ಬೇಲಿಯ ಹತ್ತಿರ ನಿಂತು ನೋಡುವುದನ್ನು ಕಂಡು ಒಂದು ಸರ ಬಿಚ್ಚಿ ಕೊಟ್ಟರು. ಮರುದಿನ ನಾನು ಅದರದ್ದೇ ಚಟ್ನಿಪುಡಿ ಮಾಡಿ ಕೊಟ್ಟೆ. ಅಂದಿನಿಂದ ಬೇಲಿ ಮಾತಿನ ಜಾಗವಾಯಿತು. ಮೂವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಅದೇ ಅನುಕೂಲವಾಯಿತು, ಯಾರಿಗೂ ನಾಚಿಕೆಯಿರಲಿಲ್ಲ.

ಅಜ್ಜ ಬಂದದ್ದು ಸ್ಪೇನ್ ಮತ್ತು ಫ್ರಾನ್ಸ್ ನಡುವಿನ ಬೆಟ್ಟಗಳ ಕಡೆಯಿಂದ. ಹರೆಯದಲ್ಲಿ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಲ್ಲಿ ಕಬ್ಬು ಕಡಿಯಲು ಬಂದವರು. ಅವರ ಭಾಷೆಗೆ ಲೋಕದಲ್ಲಿ ಅಕ್ಕತಂಗಿಯರೇ ಇಲ್ಲವಂತೆ. "ಅನಾಥೆ," ಎನ್ನುತ್ತಿದ್ದರು, ಹೆಮ್ಮೆಯಿಂದ. ಅಜ್ಜಿಯ ಭಾಷೆಗೆ ನೆಂಟರು ಬೇಕಾದಷ್ಟು. ತರಕಾರಿ ಅಂಗಡಿಯ ಬೋಸ್ನಿಯಾದವನ ಜೊತೆ, ಪೋಲೆಂಡಿನ ನರ್ಸ್ ಜೊತೆ ಹೇಗೋ ಮಾತು ಸಾಗಿಸುತ್ತಿದ್ದರು. ಆದರೆ "ನಿಮ್ಮದೂ ಅವರದೂ ಒಂದೇ ಅಲ್ಲವೇ?" ಎಂದು ಯಾರಾದರೂ ಕೇಳಿದರೆ ಅವರ ಮುಖ ಗಂಟಾಗುತ್ತಿತ್ತು.

ಇಬ್ಬರಿಗೂ ಇದ್ದ ಒಂದೇ ಆಟ, ಯಾರ ಭಾಷೆ ಮೇಲು ಎಂದು ಜಗಳವಾಡುವುದು. ನಾನು ಬಂದ ಮೇಲೆ ಅವರಿಗೊಬ್ಬಳು ನ್ಯಾಯಾಧೀಶೆ ಸಿಕ್ಕಳು.

"ಕೇಳು ನೇಬರ್," ಅಜ್ಜ ಶುರು ಮಾಡುತ್ತಿದ್ದರು, "ಮನೆಗೆ ನಾವು ಎಚೆ ಅಂತೀವಿ. ಮನೆಯಲ್ಲಿ, ಎಚೆಯಾನ್. ಮನೆಯಿಂದ, ಎಚೆತಿಕ್. ಮನೆಗೆ, ಎಚೆರಾ. ಬಾಲ ಅಂಟಿಸ್ತಾ ಹೋದರೆ ಆಯಿತು. ನಿನ್ನದು?"

"ಮನೆ, ಮನೆಯಲ್ಲಿ, ಮನೆಯಿಂದ, ಮನೆಗೆ."

"ನೋಡಿದ್ಯಾ! ಇವಳು ನಮ್ಮ ಕಡೆ!" ಎಂದು ಹೆಂಡತಿಯ ಕಡೆ ಕೈ ಮಾಡುತ್ತಿದ್ದರು. "ಇವಳ ಭಾಷೆಯಲ್ಲಿ ಮನೆಯ ಮುಂದೆ ಒಂದು ತುಂಡು, ಹಿಂದೆ ಒಂದು ತುಂಡು. ಉ ಕುಚಿ, ಇಜ್ ಕುಚೆ. ಒಳಗೆ ಹೋಗೋಕೆ ಎರಡು ಬಾಗಿಲು ತೆಗೀಬೇಕು."

ಅಜ್ಜಿ ಬಿಡುವವರಲ್ಲ. "ಎರಡು ಹೇಳು," ಎನ್ನುತ್ತಿದ್ದರು ನನಗೆ. ನಾನು ಎರಡು ಎಂದರೆ ತಲೆಯಾಡಿಸಿ, "ಪೂಜೆಯಲ್ಲಿ ನಿಮ್ಮ ಪೂಜಾರಿ ಹೇಳೋದು ಹೇಳು." ನಾನು ದ್ವಿ, ತ್ರಿ ಎನ್ನಬೇಕು. "ದ್ವಾ! ತ್ರಿ!" ಎಂದು ಅಜ್ಜಿ ಕೈ ತಟ್ಟುತ್ತಿದ್ದರು. "ನಿಮ್ಮ ದೇವರು ನನ್ನ ಕಡೆ. ಇವನ ಊರಲ್ಲಿ ಎಪ್ಪತ್ತು ಅನ್ನೋಕೆ ಮೂರು ಇಪ್ಪತ್ತು, ಮೇಲೊಂದು ಹತ್ತು ಅಂತಾರೆ. ಬೆರಳು ಸಾಲದೆ ಕಾಲೂ ಸೇರಿಸಿ ಎಣಿಸಿದ ಜನ."

ಅಜ್ಜಿಯ ಭಾಷೆಯಲ್ಲಿ ಮೇಜು ಗಂಡು, ಕುರ್ಚಿ ಹೆಣ್ಣು. ಅಜ್ಜನ ಭಾಷೆಯಲ್ಲಿ ಅವನು, ಅವಳು ಎಂಬ ಬೇರೆ ಬೇರೆ ಮಾತೇ ಇಲ್ಲ. "ಇವನು ಯಾರೋ ಬಂದ್ರು ಅಂತ ಫೋನಲ್ಲಿ ಹೇಳಿದರೆ ಗಂಡಸೋ ಹೆಂಗಸೋ ನನಗೆ ಗೊತ್ತಾಗದೆ ಎಷ್ಟು ವರ್ಷ ಒದ್ದಾಡಿದ್ದೀನಿ," ಎನ್ನುತ್ತಿದ್ದರು ಅಜ್ಜಿ. ಅಜ್ಜ ಮಾತ್ರ ಹೆಂಡತಿಯ ಭಾಷೆಗೆ ಸ್ವರವೇ ಇಲ್ಲವೆಂದು ಹಲ್ಲು ಕಚ್ಚಿ ತೋರಿಸುತ್ತಿದ್ದರು. ಬೆರಳಿಗೆ ಪೃಸ್ತ್, ಸಾವಿಗೆ ಸ್ಮೃತ್. ನಮ್ಮಲ್ಲಿ ಅದಕ್ಕೊಂದು ಅಕ್ಷರವೇ ಇದೆ ಎಂದು ನಾನು ಋ ಬರೆದು ತೋರಿಸಿದಾಗ ಅಜ್ಜಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇಬ್ಬರಿಗೂ ಇನ್ನೊಬ್ಬರ ಭಾಷೆ ಪೂರ್ತಿ ಬರುತ್ತಿರಲಿಲ್ಲ. ಆದರೆ ಬೈಯುವಷ್ಟು ಬರುತ್ತಿತ್ತು. ಅಜ್ಜ ಮಾಡಿದ ಮೀನಿನ ಸೂಪು ಕೆಟ್ಟರೆ ಅಜ್ಜಿ ಅದನ್ನು ಬಾಸ್ಕ್‌ನಲ್ಲೇ ಹೀಗಳೆಯುತ್ತಿದ್ದರು. "ಇವಳು ನನ್ನ ಭಾಷೆಯ ಒಳ್ಳೆ ಮಾತು ಒಂದೂ ಕಲೀಲಿಲ್ಲ," ಎಂದು ಅಜ್ಜ ದೂರುತ್ತಿದ್ದರು.

"ಬೈದದ್ದು ಅರ್ಥ ಆಗ್ಬೇಕಲ್ಲ," ಎನ್ನುತ್ತಿದ್ದರು ಅಜ್ಜಿ.

ಆ ಮಾತಿಗೆ ಅಂದು ನಾನು ನಕ್ಕಿದ್ದೆ.

ಬೇಲಿಯ ಈಚೆ ನಮ್ಮದೂ ಎರಡು ಭಾಷೆಯ ಮನೆ. ನಾನು ತುಮಕೂರಿನವಳು, ಪಿಯುಸಿಯವರೆಗೆ ಓದಿದವಳು, ಇಲ್ಲಿ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳ ಊಟದ ಟ್ರೇ ಜೋಡಿಸುವ ಕೆಲಸ. ಗಂಡ ಉಡುಪಿ ಕಡೆಯವರು, ಮನೆಮಾತು ತುಳು. ಬೆಂಗಳೂರಿನ ಆಫೀಸೊಂದರಲ್ಲಿ ಪರಿಚಯವಾಗಿ ಮದುವೆಯಾದವರು ನಾವು. ನಮ್ಮ ನಡುವೆ ಇದ್ದದ್ದು ಕನ್ನಡ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ತುಳು ಇದ್ದದ್ದು ಫೋನಿನಲ್ಲಿ. ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಅವರ ಅಕ್ಕ ಇದ್ದಾರೆ, ನನಗೆ ಅತ್ತಿಗೆ. ದಿನಾ ಕೆಲಸ ಮುಗಿಸಿ ಬಂದು ಕಾರಿನಿಂದ ಇಳಿಯುವ ಮೊದಲೇ ಅಕ್ಕನಿಗೆ ಫೋನು. ಕಾರಿನ ಗಾಜಿನೊಳಗೆ ಅವರು ನಗುವುದು ಅಡುಗೆಮನೆಯ ಕಿಟಕಿಯಿಂದ ಕಾಣಿಸುತ್ತಿತ್ತು. ಒಳಗೆ ಬರುವ ಹೊತ್ತಿಗೆ ಆ ನಗು ಮುಗಿದಿರುತ್ತಿತ್ತು.

ಒಂದು ಸಂಜೆ ಬೇಲಿಯ ಜಗಳಕ್ಕೆ ಅವರೂ ಸಿಕ್ಕಿಬಿದ್ದರು. "ನಿನ್ನ ಭಾಷೆ ಬೇರೆಯಂತೆ, ಹೇಳು," ಎಂದರು ಅಜ್ಜ. ನನ್ನ ಗಂಡ ಒಂಜಿ, ರಡ್ಡ್, ಮೂಜಿ ಎಂದು ಶುರು ಮಾಡಿದರು. ತಾಯಿಗೆ ಅಪ್ಪೆ, ತಂದೆಗೆ ಅಮ್ಮೆ ಎನ್ನುತ್ತಾರೆ ಎಂದಾಗ ಅಜ್ಜ ಬೇಲಿ ಹಿಡಿದುಕೊಂಡು ನಕ್ಕರು. "ನಮ್ಮಲ್ಲಿ ಅಮಾ ಅಂದ್ರೆ ತಾಯಿ, ನೀವು ಅದನ್ನ ಅಪ್ಪನಿಗೆ ಕೊಟ್ಟಿರಾ?" ನನ್ನ ಗಂಡ ದೋಣಿಯವರು ಬಲೆ ಎಳೆಯುವಾಗ ಹೇಗೆ ಕೂಗುತ್ತಾರೆ ಎಂದು ಕೂಗಿ ತೋರಿಸಿದರು. ಅಷ್ಟು ವರ್ಷದ ಸಂಸಾರದಲ್ಲಿ ನಾನು ಆ ಕೂಗನ್ನು ಕೇಳಿರಲಿಲ್ಲ.

ಒಳಗೆ ಬಂದ ಮೇಲೆ, "ನನಗೂ ಕಲಿಸಿ," ಎಂದೆ.

"ನಿಂಗ್ಯಾಕೆ ಅದು? ನಿಂಗೂ ಬಂದ್ರೆ ನಾನು ಅಕ್ಕನ ಹತ್ರ ಏನು ಮಾತಾಡ್ಲಿ?" ಎಂದು ತಮಾಷೆ ಮಾಡಿದರು. ಮದುವೆಯಾದ ಹೊಸದರಲ್ಲಿ ಕೇಳಿದಾಗಲೂ ಇದೇ ತಮಾಷೆ.

ಅಜ್ಜಿ ಹೋದದ್ದು ಮೊದಲು. ಅವರ ಚರ್ಚಿನಲ್ಲಿ ಪ್ರಾರ್ಥನೆಯೆಲ್ಲ ಕ್ರೊಯೇಷಿಯನ್‌ನಲ್ಲಿ ನಡೆಯಿತು. ಅಜ್ಜಿಯ ಕಡೆಯ ನೆಂಟರು ತುಂಬಿದ್ದರು. ಅಜ್ಜ ಮುಂದಿನ ಸಾಲಿನಲ್ಲಿದ್ದರೂ ಬಾಡಿಗೆಗೆ ಇದ್ದವರ ಹಾಗೆ ಕೂತಿದ್ದರು. ಸಮಾಧಿಯ ಹತ್ತಿರ ಮಣ್ಣು ಹಾಕುವಾಗ ಏನೋ ಒಂದು ಮಾತು ಹೇಳಿದರು. ಅಜ್ಜಿಯ ತಂಗಿಯ ಮಗಳು, "ಈಗಲಾದರೂ ಅರ್ಥವಾಗೋ ಭಾಷೆಯಲ್ಲಿ ಹೇಳಬಾರದಾ," ಎಂದು ಪಕ್ಕದವರಿಗೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ನನಗೆ ಅಜ್ಜನ ಮಾತು ಅರ್ಥವಾಗಿತ್ತು. ದಿನಾ ಮಧ್ಯಾಹ್ನ ಕೇಳಿದ್ದೇ. ಬನೊವಾ, ಬಂದೆ.

ಆ ಹೊತ್ತಿನಲ್ಲಿ ಬರಬಾರದ ಭಾವನೆ ಬಂತು. ನನಗೆ ಸತ್ತವರ ಮೇಲೆ ಹೊಟ್ಟೆಕಿಚ್ಚಾಯಿತು.

ನನ್ನ ಗಂಡ ಹೋದದ್ದು ಮೆಲ್ಬರ್ನಿನಲ್ಲಿ. ವರ್ಷಕ್ಕೆ ಎರಡು ಮೂರು ಸಲ ಹ್ಯೂಮ್ ಹೈವೇ ಹಿಡಿದು ಒಬ್ಬರೇ ಅಕ್ಕನ ಮನೆಗೆ ಕಾರಿನಲ್ಲಿ ಹೋಗುತ್ತಿದ್ದರು. ನಡುದಾರಿಯಲ್ಲಿ ಹಾಲ್‌ಬ್ರೂಕ್ ಎಂಬ ಊರು. ಸಮುದ್ರದ ಸುಳಿವೇ ಇಲ್ಲದ ಆ ಊರಿನ ಪಾರ್ಕಿನಲ್ಲಿ ಒಂದು ದೊಡ್ಡ ಸಬ್‌ಮರೀನ್ ಇಟ್ಟಿದ್ದಾರೆ. ಅವರು ಅಲ್ಲಿ ನಿಲ್ಲಿಸಿ, ಅದರ ನೆರಳಿನಲ್ಲಿ ಕಾಫಿ ಕುಡಿದು, ನನಗೊಂದು ಫೋನು, ಅಕ್ಕನಿಗೊಂದು ಫೋನು ಮಾಡುತ್ತಿದ್ದರು. "ಅರ್ಧ ದಾರಿ ಆಯ್ತು," ಎಂದು ನನಗೆ. ಅಕ್ಕನಿಗೆ ಏನು ಹೇಳುತ್ತಿದ್ದರೋ ತಿಳಿಯದು.

ಆ ಸಲ ಅಲ್ಲಿಂದ ಫೋನು ಬಂತು, ಎಂದಿನಂತೆ. ಎರಡು ದಿನದ ಮೇಲೆ ಅತ್ತಿಗೆಯ ಫೋನು. ಪಾರ್ಶ್ವವಾಯು ಹೊಡೆದಿದೆ, ಕ್ಲೇಟನ್‌ನ ಆಸ್ಪತ್ರೆಗೆ ಸೇರಿಸಿದ್ದಾರೆ. ನಾನೂ ಮಗಳೂ ವಿಮಾನ ಹತ್ತಿ ಹೋದೆವು. ಅವರಿಗೆ ಎಚ್ಚರವಿತ್ತು, ಆದರೆ ಕನ್ನಡ ಹೋಗಿತ್ತು. ಇಂಗ್ಲಿಷೂ ಹೋಗಿತ್ತು. ತುಳು ಮಾತ್ರ ಉಳಿದಿತ್ತು. ನನ್ನನ್ನು ನೋಡಿ ಏನೋ ಹೇಳಿದರು, ಮತ್ತೆ ಹೇಳಿದರು. ನಾನು ಮಂಚದ ಆಚೆ ಕೂತಿದ್ದ ಅತ್ತಿಗೆಯ ಮುಖ ನೋಡಿದೆ.

"ಏನಂತಾರೆ ಅತ್ತಿಗೆ?"

"ಎಂತ ಇಲ್ಲ ಮಾರಾಯ್ತಿ. ಸುಮ್ಮನೆ ಊರಿನ ಸುದ್ದಿ."

ನನ್ನ ಗಂಡ ನನ್ನ ಮುಖ ನೋಡಿಕೊಂಡು ಊರಿನ ಸುದ್ದಿ ಹೇಳುತ್ತಿದ್ದರು ಎಂದು ನಾನು ನಂಬಬೇಕಾಗಿತ್ತು. ನಂಬಿದೆ. ಮರುದಿನ ಅವರು ತೀರಿಕೊಂಡರು.

ಮುಂದಿನ ವರ್ಷ ಆಟಿ ತಿಂಗಳು ಬಂತು. ಊರಲ್ಲಿ ಮಳೆಗಾಲ, ಇಲ್ಲಿ ಚಳಿಗಾಲ. ತುಳುನಾಡಿನವರು ಆ ತಿಂಗಳಲ್ಲಿ ಮನೆಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುತ್ತಾರೆ. ಹಿರಿಯರೊಬ್ಬರು ಸತ್ತವರ ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಕರೆದು, ದೀಪ ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಅವರು ಉಂಡು ಉಳಿಸಿದ್ದನ್ನು ಮನೆಯವರು ಉಣ್ಣುತ್ತಾರೆ. ಇದನ್ನು ಅಗೆಲು ಎನ್ನುತ್ತಾರೆ.

ನಾನು ಅದನ್ನು ಲಿವರ್‌ಪೂಲ್‌ನ ನಮ್ಮ ಮನೆಯಲ್ಲೇ ಮಾಡಬೇಕೆಂದಿದ್ದೆ. ಅವರು ಸಾಲ ತೀರಿಸಿದ ಮನೆ, ಅವರು ಉಣ್ಣುತ್ತಿದ್ದ ಜಾಗ, ಅವರನ್ನು ದಿನಾ ಕರೆದವಳು ನಾನು. ಅತ್ತಿಗೆಗೆ ಫೋನು ಮಾಡಿ ಕ್ರಮ ಕೇಳಿದೆ.

"ನೀನು ಮಾಡ್ಲಿಕ್ಕೆ ಆಗುದಿಲ್ಲ," ಎಂದರು. "ನಮ್ಮದು ಅಳಿಯಕಟ್ಟು. ಅವ ಅಮ್ಮನ ಕುಟುಂಬದವ. ಸತ್ತ ಮೇಲೆ ಅಲ್ಲಿಗೇ ಸೇರುದು, ಹೆಂಡತಿಯ ಕಡೆಗಲ್ಲ. ನೀನು ಬೇಜಾರು ಮಾಡ್ಬೇಡ, ಕಟ್ಟಳೆ ಹಾಗೆ ಉಂಟು. ಮತ್ತೆ ತುಳುವಿನಲ್ಲಿ ಕರೀಬೇಕು. ನಿಂಗೆ ಬರ್ತದಾ?"

"ಕನ್ನಡದಲ್ಲಿ ಕರೆದ್ರೆ ಬರಲ್ವಾ?"

"ನೀನೇ ನೋಡಿದ್ದಿಯಲ್ಲ ಆಸ್ಪತ್ರೆಯಲ್ಲಿ. ಕಡೆಗೆ ಎಂತ ಉಳಿಯಿತು ಅವನಿಗೆ?"

ಅಗೆಲಿಗೆ ನಾನೂ ಮಗಳೂ ಅತ್ತಿಗೆಯ ಮನೆಗೇ ಹೊರಟೆವು. ಕಾರಿನಲ್ಲಿ ಮಗಳು, "ಅಮ್ಮಾ, ಇಟ್ಸ್ ಜಸ್ಟ್ ಫುಡ್. ಲೆಟ್ ಇಟ್ ಗೋ," ಎಂದಳು. ಅವಳನ್ನು ಯಾವ ಕುಟುಂಬಕ್ಕೆ ಸೇರಿಸುತ್ತಾರೆ ಎಂದು ನಾನು ಯೋಚಿಸುತ್ತಿದ್ದೆ. ಅಳಿಯಕಟ್ಟಿನಲ್ಲಿ ಮಕ್ಕಳು ತಾಯಿಯ ಕಡೆಯವರು. ತಾಯಿ ತುಮಕೂರಿನವಳಾದರೆ ಆ ಲೆಕ್ಕವೇ ಇಲ್ಲ. ಹಾಲ್‌ಬ್ರೂಕ್‌ನಲ್ಲಿ ಕಾರು ನಿಲ್ಲಿಸಿ, ಸಬ್‌ಮರೀನ್ ಹತ್ತಿರ ಕಾಫಿ ಕುಡಿದೆವು. ಇಬ್ಬರೂ ಯಾರಿಗೂ ಫೋನು ಮಾಡಲಿಲ್ಲ.

ಕ್ರಾನ್‌ಬರ್ನ್‌ನ ಮನೆಯಲ್ಲಿ ಊದುಬತ್ತಿಯ ಹೊಗೆಗೆ ಅಲಾರಂ ಕೂಗದಿರಲೆಂದು ಭಾವನವರು, ಅತ್ತಿಗೆಯ ಗಂಡ, ಮೊದಲೇ ಬ್ಯಾಟರಿ ತೆಗೆದಿಟ್ಟಿದ್ದರು. "ಇಲ್ಲದಿದ್ರೆ ಅವನ ಬದಲು ಫೈರ್ ಇಂಜಿನ್ ಬರ್ತದೆ ಊಟಕ್ಕೆ," ಎಂದು ನಗಿಸಿದರು. ಎಲೆಗಳ ಮೇಲೆ ಕುಚ್ಚಲಕ್ಕಿ ಅನ್ನ, ಕೋರಿ ರೊಟ್ಟಿ, ಬಂಗುಡೆ ಮೀನಿನ ಗಸಿ. ಕಳ್ಳಿನ ಬದಲು ಬಿಯರ್ ಬಾಟಲಿ.

"ಮೀನು ಬಿಟ್ಟು ವರ್ಷಗಳಾಗಿತ್ತು ಅತ್ತಿಗೆ ಅವರು," ಎಂದೆ. ಒಮ್ಮೆ ಮುಳ್ಳು ಗಂಟಲಿಗೆ ಸಿಕ್ಕಿ ಆಸ್ಪತ್ರೆ ಕಂಡು ಬಂದ ಮೇಲೆ ನಮ್ಮ ಮನೆಗೆ ಮೀನು ಬಂದಿರಲಿಲ್ಲ.

ಅತ್ತಿಗೆ ಬಡಿಸುತ್ತಲೇ ನಕ್ಕರು. "ನಿನ್ನ ಮನೆಯಲ್ಲಿ ಬಿಟ್ಟದ್ದು. ಇಲ್ಲಿ ಬಂದಾಗ ತಲೆ ಸಮೇತ ತಿಂತಿದ್ದ."

"ನಾನು ಒಂದು ಎಲೆಗೆ ಸ್ವಲ್ಪ ಮುದ್ದೆ ಬಸ್ಸಾರು ಇಡಲಾ? ಅವರಿಗೆ ಇಷ್ಟ. ಭಾನುವಾರ ಭಾನುವಾರ ಕೇಳಿ ಮಾಡಿಸ್ಕೊಳ್ತಿದ್ರು."

"ಮುದ್ದೆಯಾ?" ಅತ್ತಿಗೆ ಸೌಟು ಹಿಡಿದುಕೊಂಡೇ ನಿಂತರು. "ಅಯ್ಯೋ ಮಾರಾಯ್ತಿ, ಅವ ಫೋನಿನಲ್ಲಿ ಎಷ್ಟು ನಗಾಡ್ತಿದ್ದ ಗೊತ್ತುಂಟಾ? ಇವತ್ತು ಭಾನುವಾರ ಅಕ್ಕ, ಇವತ್ತು ಕಲ್ಲು ನುಂಗ್ಲಿಕ್ಕುಂಟು ಅಂತ. ಪಾಪ, ನಿಂಗೆ ಬೇಜಾರಾಗ್ಬಾರ್ದು ಅಂತ ತಿಂತಿದ್ದ."

ಅತ್ತಿಗೆ ಕೇಡಿಗೆ ಹೇಳಲಿಲ್ಲ. ಪ್ರೀತಿಯಿಂದಲೇ ಹೇಳಿದರು, ತಮ್ಮನ ಒಳ್ಳೆಯತನದ ಕಥೆಯೆಂದೇ ಹೇಳಿದರು. ಕಾರಿನ ಗಾಜಿನೊಳಗಿನ ನಗು ಯಾವುದಕ್ಕೆ ಎಂದು ನನಗೆ ಅಂದು ತಿಳಿಯಿತು.

ಅತ್ತಿಗೆ ದೀಪದ ಮುಂದೆ ನಿಂತು ತಮ್ಮನ ಹೆಸರು ಹಿಡಿದು ಕರೆದರು. ಉದ್ದವಾದ ಮಾತು. ಅದರಲ್ಲಿ ನನಗೆ ಸಿಕ್ಕಿದ್ದು ಎರಡೇ, ಬಲ ಮತ್ತು ವಣಸ್. ಬಾ, ಊಟ. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗಿನ ಚಳಿಯಲ್ಲಿ ಕೈ ಉಜ್ಜುತ್ತ ನಿಂತೆವು. ಒಳಗೆ ಅವರು ಬಂದಿದ್ದರೆ, ಬಂದಿದ್ದು ಉಡುಪಿಯಿಂದ ಹೊರಟ ಹುಡುಗ. ನನ್ನ ಜೊತೆ ಬಾಳಿದ ಮನುಷ್ಯನನ್ನು ಆ ಮನೆಯಲ್ಲಿ ಯಾರೂ ಕರೆಯಲಿಲ್ಲ.

ಲಿವರ್‌ಪೂಲ್‌ಗೆ ಬಂದ ಮೇಲೆ ಬೇಲಿಯ ಹತ್ತಿರ ಅಜ್ಜ ಹೋದ ಕೆಲಸ ಹೇಗಾಯಿತೆಂದು ಕೇಳಿದರು. ಇಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ, ಮುದ್ದೆಯ ಕಥೆಯನ್ನೂ. ಮುರುಕು ಇಂಗ್ಲಿಷಿನಲ್ಲಿ ಹೇಳುವಾಗ ಅದು ಇನ್ನೂ ಸಣ್ಣದಾಗಿ, ಇನ್ನೂ ಅವಮಾನದ್ದಾಗಿ ಕೇಳಿಸಿತು. ಅಜ್ಜ ಬಹಳ ಹೊತ್ತು ಮೆಣಸಿನ ಗಿಡದ ಒಣ ಎಲೆ ಕೀಳುತ್ತಿದ್ದರು.

"ನನ್ನ ಹೆಂಡತಿ ಆಗಿದ್ರೆ ಆ ಕಲ್ಲನ್ನ ತಟ್ಟೆ ಸಮೇತ ನನ್ನ ತಲೆಗೆ ಎಸೀತಿದ್ಲು," ಎಂದರು. "ಎಸೆದು, ಬಾಸ್ಕ್‌ನಲ್ಲಿ ಬೈತಿದ್ಲು."

"ಅವರಿಗೆ ನಿಮ್ಮ ಭಾಷೆ ಗೊತ್ತಿತ್ತು. ನನಗೆ ತುಳು ಗೊತ್ತಿರಲಿಲ್ಲ."

"ಹೌದು," ಎಂದರು ಅಜ್ಜ. ಸಮಾಧಾನ ಹೇಳಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಇಂದಿಗೂ ಗೌರವ.

"ನೀವು ಅಜ್ಜಿಯನ್ನು ಯಾವ ಭಾಷೆಯಲ್ಲಿ ಕರೀತೀರಿ?" ಎಂದು ಕೇಳಿದೆ. ಅವರಲ್ಲೂ ಸತ್ತವರಿಗೆಂದು ಒಂದು ದಿನವಿದೆ, ಸಮಾಧಿಗೆ ಹೋಗಿ ಮೇಣದಬತ್ತಿ ಹಚ್ಚುತ್ತಾರೆ.

"ಅವಳದ್ದರಲ್ಲಿ. ತಪ್ಪು ತಪ್ಪಾಗಿ. ತಪ್ಪು ಮಾಡಿದ್ರೆ ತಿದ್ದೋಕಾದ್ರೂ ಬರ್ತಾಳೆ ಅಂತ," ಎಂದು ನಕ್ಕರು. ನಗು ಮುಗಿಯುವ ಮೊದಲೇ ಒಳಗೆ ಹೋದರು.

ನನ್ನಲ್ಲಿ ತಪ್ಪು ಮಾಡುವಷ್ಟು ತುಳುವೂ ಇಲ್ಲ. ಅಜ್ಜ ಅಜ್ಜಿ ಎದುರೆದುರು ನಿಂತು ಒಬ್ಬರ ಭಾಷೆಯನ್ನು ಒಬ್ಬರು ಎಷ್ಟು ಗೇಲಿ ಮಾಡಿದರೂ, ಆ ಗೇಲಿಗೆ ಇಬ್ಬರೂ ಕೇಳುಗರಾಗಿದ್ದರು. ನನ್ನ ಗಂಡ ನನಗೆ ಕೊಟ್ಟದ್ದು ಹೊಗಳಿಕೆ ಮಾತ್ರ. ಜಗಳಕ್ಕೂ ನಾನು ಸಾಲಲಿಲ್ಲ.

ಆಟಿ ಮುಗಿಯುವ ಮೊದಲು ನಾನು ಅತ್ತಿಗೆಗೆ ಫೋನು ಮಾಡಿ, ನಾನೂ ಬಡಿಸುತ್ತೇನೆ ಎಂದೆ.

"ಬೇಡ," ಎಂದರು. ಈ ಸಲ ಅವರ ದನಿಯಲ್ಲಿ ಹೆದರಿಕೆಯಿತ್ತು. "ಎರಡು ಕಡೆ ಕರೀಬಾರ್ದು. ಎರಡು ಕಡೆ ಕರೆದ್ರೆ ಅವ ಎಲ್ಲಿಗೂ ಬರುದಿಲ್ಲ, ದಾರಿಯಲ್ಲಿ ನಿಲ್ತಾನೆ. ನಿನ್ನ ಹಟಕ್ಕೆ ಅವನನ್ನು ಅಲೆಸ್ಬೇಡ ಮಾರಾಯ್ತಿ. ಕೈ ಮುಗೀತೇನೆ."

"ಹಟ ಅಲ್ಲ ಅತ್ತಿಗೆ."

"ಮತ್ತೆ ಎಂತ?"

ಫೋನು ಇಟ್ಟೆ.

ಮಗಳು ಕೆಲಸಕ್ಕೆ ಹೋದ ಒಂದು ಭಾನುವಾರ, ಅಂಗಡಿಯಿಂದ ತಂದ ಬಾಳೆಲೆ ತೊಳೆದು ಊಟದ ಮೇಜಿನ ಪಕ್ಕ ನೆಲದ ಮೇಲೆ ಹಾಕಿದೆ. ಅನ್ನ ಮಾಡಲಿಲ್ಲ. ರೊಟ್ಟಿ ಮಾಡಲಿಲ್ಲ. ಮುದ್ದೆ ತೊಳಸಿದೆ, ಬಸ್ಸಾರು ಮಾಡಿದೆ. ಒಂದು ಮುದ್ದೆ ಸಾಕಿತ್ತು, ಎರಡು ಇಟ್ಟೆ. ದೀಪ ಹಚ್ಚಿದೆ. ಹೆಸರು ಹಿಡಿದು ಕರೆಯಬೇಕು ಎಂಬುದು ಕ್ರಮ. ನಾನು ಅವರ ಹೆಸರು ಹಿಡಿದು ಎಂದೂ ಕರೆದವಳಲ್ಲ. ದಿನಾ ಕರೆಯುತ್ತಿದ್ದ ಹಾಗೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, "ರೀ, ಊಟಕ್ಕೆ ಬನ್ನಿ," ಎಂದೆ. ದನಿ ಸ್ವಲ್ಪ ಜೋರಾಯಿತು.

ಬಾಗಿಲು ಮುಚ್ಚಿ ಹಿತ್ತಿಲಿನಲ್ಲಿ ನಿಂತೆ. ಮಧ್ಯಾಹ್ನದ ಹೊತ್ತು. ಬೇಲಿಯ ಆಚೆ ಅಜ್ಜ ಕುರ್ಚಿಯಲ್ಲಿ ಕೂತಿದ್ದರು, ನನ್ನ ಕೂಗು ಕೇಳಿಸಿರಬೇಕು. ತಲೆಯೆತ್ತಿ ನೋಡಿದರು. ಯಾವ ಕಡೆಯಿಂದಲೂ ಯಾರೂ ಓಗೊಡಲಿಲ್ಲ. ನನಗದು ಹೊಸದೇನಲ್ಲ. ಇದ್ದಾಗಲೂ ಅವರು ಒಂದು ಕರೆಗೆ ಓ ಎಂದವರಲ್ಲ. ಕಾರಿನಲ್ಲಿ ಕೂತು ಫೋನು ಮುಗಿಸಿ ಬರುವವರೆಗೆ ಸಾರು ಎರಡು ಸಲ ಬಿಸಿಮಾಡುತ್ತಿದ್ದೆ.

ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದೆ. ಮುದ್ದೆಯ ಮೇಲೆ ಒಣ ಪದರ ಕಟ್ಟಿತ್ತು. ನೆಲದ ಮೇಲೆ ಕೂತು ಎರಡನ್ನೂ ನಾನೇ ನುಂಗಿದೆ. ಚೆನ್ನಾಗಿತ್ತು. ಕಲ್ಲಿನ ಹಾಗೆ ಖಂಡಿತ ಇರಲಿಲ್ಲ.

ಎಲೆ ಮಡಿಸುತ್ತಿರುವಾಗ ಅತ್ತಿಗೆಯ ಫೋನು ಬಂತು.

"ಬಡಿಸಿದಿಯಾ?"

"ಹೂಂ."

"ಬಂದನಾ?" ಎಂದರು.

"ನಿಮ್ಮಲ್ಲಿಗೆ ಬಂದಿದ್ರಾ ಅತ್ತಿಗೆ?"

ಅವರು ಉತ್ತರ ಕೊಡಲಿಲ್ಲ. ಅಳುತ್ತಿದ್ದರೋ ಏನೋ, ಗೊತ್ತಿಲ್ಲ. ಅತ್ತಿಗೆ ಹೇಳಿದ್ದು ನಿಜವಾದರೆ ನನ್ನ ಗಂಡ ಈಗ ಅರ್ಧ ದಾರಿಯ ಹಾಲ್‌ಬ್ರೂಕ್‌ನಲ್ಲಿದ್ದಾರೆ. ಸಮುದ್ರವಿಲ್ಲದ ಊರಿನ ಆ ಸಬ್‌ಮರೀನ್ ಪಕ್ಕದಲ್ಲಿ, ಎರಡು ಕಡೆಯಿಂದಲೂ ಕರೆ ಕೇಳಿಸಿಕೊಂಡು, ಆ ಕಡೆಗೆ ಒಂದು ಮಾತು, ಈ ಕಡೆಗೆ ಒಂದು ಮಾತು ಹೇಳುತ್ತ.

ನಿಂತಿರಲಿ.